ಡಾಕ್ಟರು ಹೇಳಿದ್ದರಲ್ಲಿ ಅರ್ಧ

ನಮ್ಮ ಅತ್ತಿಗೆಯ ಕಾಲಿನ ಎರಡು ಬೆರಳು ಹೋದದ್ದು ನನ್ನಿಂದ. ಹೀಗೆಂದು ಊರಿನಲ್ಲಿ ಯಾರೂ ಹೇಳಿಲ್ಲ, ಹೇಳಬಲ್ಲವರು ಈಗ ಉಳಿದೂ ಇಲ್ಲ. ಸಕ್ಕರೆ ಕಾಯಿಲೆ ಇತ್ತು, ಕೆಂಡ ತುಳಿದರು, ಗಾಯ ಮಾಯಲಿಲ್ಲ ಎಂದಷ್ಟೇ ಎಲ್ಲರಿಗೂ ಗೊತ್ತು. ಅದು ಸುಳ್ಳಲ್ಲ. ಆದರೆ ಅದಕ್ಕೆ ಕೆಲವು ವರ್ಷ ಮುಂಚೆ ಒಂದು ಸಂಜೆ, ಊಟಕ್ಕೆ ಕುಳಿತಿದ್ದಾಗ, ನಾನು ಡಾಕ್ಟರು ಹೇಳಿದ್ದರಲ್ಲಿ ಒಂದು ಮಾತನ್ನು ಮಾತ್ರ ಹೇಳಿ ಉಳಿದದ್ದನ್ನು ನುಂಗಿಕೊಂಡೆ. ಈ ವಯಸ್ಸಿನಲ್ಲಾದರೂ ಅದನ್ನು ಬರೆದಿಡಬೇಕು ಅನ್ನಿಸಿದೆ.

ನಮ್ಮದು ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವಿನ ಒಂದು ಹಳ್ಳಿ. ಹೊಲದಲ್ಲಿ ರಾಗಿ, ಬಾವಿ ಪಕ್ಕದ ತೋಟದಲ್ಲಿ ಸೊಪ್ಪು, ಹುರುಳಿಕಾಯಿ, ಬದನೆ. ಕೊಟ್ಟಿಗೆಯಲ್ಲಿ ಕರೆಯುವ ಹಸುಗಳೂ ಇದ್ದವು. ಎಳೆ ಸೊಪ್ಪು, ತರಕಾರಿ ಬೆಳಕು ಹರಿಯುವ ಮೊದಲೇ ಗಾಡಿಯೇರಿ ಪೇಟೆಗೆ ಹೋಗುತ್ತಿತ್ತು. ಹಾಲು ಹೋಟೆಲಿಗೆ. ಮನೆಯಲ್ಲಿ ಉಳಿಯುತ್ತಿದ್ದುದು ನೆಲದಡಿಯ ಹಗೇವಿನಲ್ಲಿ ತುಂಬಿಟ್ಟ ರಾಗಿ, ಪೇಟೆಯವರು ಬೇಡವೆನ್ನುವಷ್ಟು ಬಲಿತ ಒಂದಿಷ್ಟು ಸೊಪ್ಪು, ಒಂದು ಕುಡಿಕೆ ಮೊಸರು. ಬೆಳೆದದ್ದನ್ನೆಲ್ಲ ನಾವೇ ತಿಂದು ಕೂತರೆ ಸಂಸಾರ ನಡೆಯುವುದು ಹೇಗೆ ಎಂದು ಅಪ್ಪ ಕೇಳುತ್ತಿದ್ದರು.

ಅವ್ವ ತೀರಿಕೊಂಡಾಗ ನಾನಿನ್ನೂ ಸಣ್ಣ ಹುಡುಗ. ಮನೆಗೊಂದು ಹೆಣ್ಣು ದಿಕ್ಕು ಬೇಕೆಂದು ಅದೇ ವರ್ಷ ಅಣ್ಣನಿಗೆ ಮದುವೆ ಮಾಡಿದರು. ಬಂದ ಅತ್ತಿಗೆಗೆ ಆಗ ಹದಿನಾರೋ ಹದಿನೇಳೋ. ನನ್ನ ತಲೆಗೆ ಎಣ್ಣೆ ಒತ್ತಿದವರು, ಜ್ವರ ಬಂದಾಗ ಪಕ್ಕದಲ್ಲಿ ಕುಳಿತವರು, ಸ್ಲೇಟು ಒಡೆದು ಬಂದಾಗ ಅಪ್ಪನಿಂದ ಮರೆಮಾಚಿದವರು ಅವರೇ. ಹೆತ್ತವಳನ್ನು ಕರೆದಂತೆ ಅವರನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ ಯಶವಂತಪುರದ ಒಂದು ಸೌದೆ ಡಿಪೋದಲ್ಲಿ ಗುಮಾಸ್ತನಾದಾಗ ಅಣ್ಣನಿಗಿಂತ ಹೆಚ್ಚು ಬೀಗಿದವರೂ ಅವರೇ. ಸಂಜೆ ಸೈಕಲ್ ನಿಲ್ಲಿಸುತ್ತಿದ್ದಂತೆ, ನಮ್ ಗುಮಾಸ್ತ್ರು ಬಂದ್ರು, ತಟ್ಟೆ ಆಕಿ ಎಂದು ಮಕ್ಕಳಿಗೆ ಹೇಳಿ ನಗುತ್ತಿದ್ದರು.

ನಮ್ಮ ಮನೆಯ ಊಟಕ್ಕೆ ಒಂದು ಸರದಿ ಇತ್ತು. ಮೊದಲು ಅಪ್ಪ, ಅಣ್ಣ, ನಾನು. ಆಮೇಲೆ ಅಣ್ಣನ ಮಕ್ಕಳು. ತೋಟಕ್ಕೆ ಆಳು ಬಂದಿದ್ದರೆ ಅವರು. ಎಲ್ಲರೂ ಕೈ ತೊಳೆದ ಮೇಲೆ ಒಲೆಯ ಮುಂದೆ ಅತ್ತಿಗೆ ಒಬ್ಬರೇ. ಸೊಪ್ಪಿನ ಪಲ್ಯ, ಸಾರಿನೊಳಗಿನ ಕಾಳು, ಮೊಸರು ಮೊದಲ ಸರದಿಯಲ್ಲೇ ಮುಗಿಯುತ್ತಿದ್ದವು. ಕೊನೆಗೆ ಉಳಿಯುತ್ತಿದ್ದುದು ಹಿಟ್ಟು. ಮುದ್ದೆಯನ್ನು ನಮ್ಮ ಕಡೆ ಹಿಟ್ಟೆಂದೇ ಕರೆಯುವುದು. ಬೆಳಗ್ಗೆಯಿಂದ ಒಂದು ಲೋಟ ಬೆಲ್ಲದ ಕಾಫಿಯ ಮೇಲೆ ದುಡಿದವರು, ತಳದ ಸಾರಿಗೆ ನೀರು ಬೆರೆಸಿ, ದೊಡ್ಡ ದೊಡ್ಡ ಎರಡು ಮುದ್ದೆ ನುಂಗಿ ಏಳುತ್ತಿದ್ದರು. ಯಾರೂ ಅವರನ್ನು ಹಸಿದಿರಿಸಲಿಲ್ಲ. ಹೊಟ್ಟೆ ತುಂಬಾ ಉಣ್ಣುತ್ತಾಳೆ, ಇನ್ನೇನು ಬೇಕು ಎಂದು ನಾವು ತಿಳಿದಿದ್ದೆವು. ಅವರ ತಟ್ಟೆಯಲ್ಲಿ ಏನಿದೆ ಎಂದು ನಾನು ನೋಡಿದ್ದೇ ಇಲ್ಲ. ಆ ಹೊತ್ತಿಗೆ ಜಗಲಿಯ ಮೇಲೆ ಕಾಲು ಚಾಚಿರುತ್ತಿದ್ದೆ.

ಅರವತ್ತರ ದಶಕ ಶುರುವಾದ ಹೊಸದರಲ್ಲಿ ಅವರಿಗೆ ತಡೆಯಲಾರದ ಬಾಯಾರಿಕೆ ಹತ್ತಿತು. ಕೊಡದ ನೀರು ಕುಡಿದರೂ ಸಾಲದು. ಮೈ ಇಳಿಯಿತು, ಕೈ ಕಾಲು ಸೆಳೆತ. ಬಚ್ಚಲ ಕಲ್ಲಿಗೆ ಇರುವೆ ಮುತ್ತುತ್ತಿವೆ ಎಂದು ಪಕ್ಕದ ಮನೆಯ ಅಜ್ಜಿ ಒಬ್ಬಳು ಕಂಡುಹಿಡಿದು ಊರಿಗೆಲ್ಲ ಹೇಳಿದಳು. ಡಾಕ್ಟರಿಗೆ ತೋರಿಸು ಎಂದು ಅಣ್ಣ ನನಗೆ ಒಪ್ಪಿಸಿದ. ಓದಿದವನು ನಾನೊಬ್ಬನೇ ತಾನೇ.

ಯಶವಂತಪುರದಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬ ಡಾಕ್ಟರಿದ್ದರು. ಅವರಿಗೆ ಕನ್ನಡ ಬಾರದು. ಇಂಗ್ಲಿಷಿನಲ್ಲಿ ಶುರು ಮಾಡಿ, ನನ್ನ ಮುಖ ನೋಡಿ, ತಮಿಳಿಗೆ ಹೊರಳುತ್ತಿದ್ದರು. ಡಿಪೋದ ಕೂಲಿಗಳ ಜೊತೆ ಒಡನಾಡಿ ನನಗೆ ತಮಿಳು ತಿಳಿಯುತ್ತಿತ್ತು. ಅತ್ತಿಗೆ ಸೆರಗು ಹೊದ್ದು ಸ್ಟೂಲಿನ ಮೇಲೆ ಕುಳಿತಿದ್ದರು. ಕೊಳವೆಯಲ್ಲಿನ ನೀಲಿ ದ್ರವಕ್ಕೆ ಮೂತ್ರ ಹಾಕಿ ಕಾಯಿಸಿದಾಗ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಡಾಕ್ಟರು ಮಾತ್ರೆ ಬರೆದರು. ಆಮೇಲೆ ಈಕೆ ದಿನಕ್ಕೆ ಏನೇನು ತಿನ್ನುತ್ತಾಳೆ, ಯಾವಾಗ ತಿನ್ನುತ್ತಾಳೆ ಎಂದು ಕೇಳಿದರು. ನಾನು ಹೇಳಿದೆ. ಅವರು ಬಹಳ ಹೊತ್ತು ವಿವರಿಸಿದರು. ಬೆಲ್ಲ, ಸಕ್ಕರೆ ಬಿಡಬೇಕು. ಆದರೆ ಬರೀ ಅದರಿಂದ ಆಗುವುದಿಲ್ಲ. ರಾಗಿ ಬಿಡಬೇಕಾಗಿಲ್ಲ, ಸಣ್ಣದೊಂದು ಮುದ್ದೆ ಸಾಕು. ತಟ್ಟೆಯ ಮಿಕ್ಕ ಜಾಗಕ್ಕೆ ಸೊಪ್ಪು, ಕಾಳು, ತರಕಾರಿ, ಮಜ್ಜಿಗೆ, ಸಾಧ್ಯವಾದರೆ ಮೊಟ್ಟೆ. ಇಡೀ ದಿನ ಹಸಿದಿದ್ದು ಕೊನೆಗೆ ಒಂದೇ ಸಲ ತುಂಬಿಕೊಳ್ಳಬಾರದು, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಮಾತ್ರೆಗಿಂತ ಇದೇ ದೊಡ್ಡದು, ಇಲ್ಲದಿದ್ದರೆ ಕಣ್ಣು, ಕಾಲು, ಮೂತ್ರಪಿಂಡ ಒಂದೊಂದಾಗಿ ಹೋಗುತ್ತವೆ, ಮನೆಯವರಿಗೆ ಸರಿಯಾಗಿ ಹೇಳು ಎಂದರು. ಹೇಳುತ್ತೇನೆ ಎಂದೆ. ಹೊರಗೆ ಬಂದ ಮೇಲೆ ಏನಂದರೆಂದು ಅತ್ತಿಗೆ ಕೇಳಲಿಲ್ಲ. ಮನೆಯಲ್ಲಿ ಹೇಳಿದಾಗ ಕೇಳಿಸಿಕೊಳ್ಳುತ್ತಾರೆ ಎಂದುಕೊಂಡೆ.

ಆ ಸಂಜೆ ಎಂದಿನಂತೆ ನಾವು ಮೂವರೂ ಊಟಕ್ಕೆ ಕುಳಿತೆವು. ಅತ್ತಿಗೆ ಬಡಿಸುತ್ತಿದ್ದರು. ದಂಟಿನ ಸೊಪ್ಪಿನ ಪಲ್ಯ ನನ್ನ ತಟ್ಟೆಗೆ ಬಿತ್ತು, ಮೊಸರೂ ಬಿತ್ತು. ಆಗ ಅಪ್ಪ ಕೇಳಿದರು:

"ಏನಂದ್ನಪ್ಪಾ ನಿಮ್ ಡಾಕ್ಟ್ರು?"

ನನ್ನ ಕಣ್ಣು ನನ್ನ ತಟ್ಟೆಯ ಮೇಲಿತ್ತು. ಡಾಕ್ಟರು ಹೇಳಿದ್ದನ್ನು ಪೂರ್ತಿ ಹೇಳುವುದೆಂದರೆ ಈ ಪಲ್ಯ ಅವರಿಗೆ ಹೋಗಬೇಕು, ಈ ಮೊಸರು ಅವರಿಗೆ ಹೋಗಬೇಕು ಎಂದು ಹೇಳಿದಂತೆ. ಪೇಟೆಗೆ ಹೋಗುವ ಎಳೆ ಸೊಪ್ಪಿನಲ್ಲಿ ದಿನಾ ಒಂದು ಕಂತೆ ಮನೆಗೆ ಉಳಿಸಿ ಎಂದಂತೆ. ಮಾವ, ಗಂಡ ಉಣ್ಣುವ ಮೊದಲೇ ಸೊಸೆ ಉಣ್ಣಲಿ ಎಂದಂತೆ. ಅಪ್ಪನ ಮುಂದೆ ಅದನ್ನು ಹೇಳಲು ಹೆದರಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿಕೆ ಇತ್ತು. ಆದರೆ ಅದಕ್ಕಿಂತ ಕೀಳಾದ ಒಂದು ಕಾರಣವೂ ಇತ್ತು. ದಿನವಿಡೀ ಸೌದೆ ತೂಕದ ಧೂಳು ಕುಡಿದು ಬಂದವನಿಗೆ ಆ ಪಲ್ಯ ರುಚಿಯಾಗಿತ್ತು.

"ಸಿಹಿ ಮುಟ್ಬಾರ್ದಂತೆ. ಮಾತ್ರೆ ಕೊಟ್ಟವ್ರೆ" ಎಂದೆ.

"ಅಷ್ಟೇಯಾ?"

"ಅಷ್ಟೇ."

ಉಳಿದದ್ದನ್ನು ನಾಳೆ ಅಣ್ಣ ಒಬ್ಬನೇ ಇದ್ದಾಗ ಹೇಳೋಣ ಎಂದುಕೊಂಡೆ. ಮರುದಿನ ಡಿಪೋಗೆ ಲಾರಿ ಬಂತು. ಆಮೇಲಿನ ದಿನ ಇನ್ನೇನೋ. ಮಾತ್ರೆ ನುಂಗಿ ಅತ್ತಿಗೆಯ ಬಾಯಾರಿಕೆ ಕೊಂಚ ತಗ್ಗಿದ ಮೇಲೆ ಹೇಳುವ ಅಗತ್ಯವೇ ಇಲ್ಲ ಎಂದು ಮನಸ್ಸು ಒಪ್ಪಿಕೊಂಡಿತು.

ಹೇಳಿದ ಅರ್ಧವನ್ನು ಮಾತ್ರ ಮನೆಯವರು ಕಾನೂನು ಮಾಡಿಬಿಟ್ಟರು. ಅತ್ತಿಗೆಯ ಕಾಫಿಗೆ ಬೆಲ್ಲ ನಿಂತಿತು. ಯುಗಾದಿಗೆ ಹೋಳಿಗೆ ತಟ್ಟಿದವರು ಅವರು, ರುಚಿ ನೋಡದಂತೆ ಕಾವಲು ಕೂತವರು ಮಕ್ಕಳು. ಒಂದು ಮದುವೆ ಮನೆಯಲ್ಲಿ ಯಾರೋ ಅವರ ಕೈಗೆ ಲಾಡು ಕೊಟ್ಟರೆ ನಾನೇ ಎದ್ದು ಹೋಗಿ ಕಿತ್ತುಕೊಂಡೆ. ನಮ್ ಮೈದ್ನ ಪೊಲೀಸ್ ಕೆಲ್ಸ ಬಿಟ್ಟು ಸೌದೆ ತೂಗ್ತಾ ಅವ್ನೆ ಎಂದು ಅತ್ತಿಗೆ ಅಲ್ಲಿದ್ದ ಹೆಂಗಸರನ್ನೆಲ್ಲ ನಗಿಸಿದರು. ಸಾವ್ಕಾರ್ರಿಗೆ ಬರೋ ಕಾಯ್ಲೆ ಇಟ್ಟು ತಿನ್ನೋಳಿಗೆ ಎಂಗೆ ಬಂತಮ್ಮಾ ಎಂದು ಒಬ್ಬಾಕೆ ಕೆಣಕಿದಳು. ಎಲ್ಲರ ಜೊತೆ ನಾನೂ ನಕ್ಕೆ. ಎಷ್ಟು ಕಟ್ಟುನಿಟ್ಟಾಗಿ ಅತ್ತಿಗೆಯನ್ನು ಕಾಯುತ್ತಿದ್ದೇನೆ ಎಂದು ನನಗೆ ಹೆಮ್ಮೆಯೇ ಇತ್ತು. ಮನೆಗೆ ಬಂದರೆ ಅದೇ ಸರದಿ, ಅದೇ ಎರಡು ಮುದ್ದೆ, ಅದೇ ನೀರು ಸಾರು. ಸಿಹಿ ಬಿಟ್ಟದ್ದಕ್ಕೆ ಶಕ್ತಿ ಕುಂದೀತೆಂದು ಅಣ್ಣ ಅವರಿಗೆ ಇನ್ನೂ ಅರ್ಧ ಮುದ್ದೆ ಹೆಚ್ಚಿಗೆ ತಿನ್ನಲು ಹೇಳುತ್ತಿದ್ದ. ಅವನಿಗಾದರೂ ಏನು ಗೊತ್ತಿತ್ತು? ಗೊತ್ತಿದ್ದವನು ನಾನು.

ಕೆಲವು ವರ್ಷ ಹೀಗೇ ಕಳೆಯಿತು. ಮಾತ್ರೆ ಮುಗಿದಾಗ ನಾನೊಬ್ಬನೇ ಹೋಗಿ ತರುತ್ತಿದ್ದೆ. ರೋಗಿಯನ್ನು ಕರೆದುಕೊಂಡು ಬಾ ಎಂದು ಡಾಕ್ಟರು ಹೇಳಿದರೆ ತೋಟದ ಕೆಲಸ ಎನ್ನುತ್ತಿದ್ದೆ. ಅಂಗಾಲು ಮರಗಟ್ಟಿದಂತಿದೆ ಎಂದು ಅತ್ತಿಗೆ ಆಗಾಗ ಹೇಳುತ್ತಿದ್ದರು. ಒಂದು ದಿನ ಹಿಟ್ಟು ತೊಳಸುತ್ತಿದ್ದಾಗ ಒಲೆಯಿಂದ ಉರುಳಿದ ಕೆಂಡದ ಮೇಲೆ ಕಾಲಿಟ್ಟರು. ಕಾಲಿಟ್ಟದ್ದು ಅವರಿಗೆ ತಿಳಿಯಲಿಲ್ಲ. ಸುಟ್ಟ ವಾಸನೆ ಬಂದು ದೊಡ್ಡ ಮಗಳು ಓಡಿಬಂದು ನೋಡಿದಾಗಲೂ ಅವರು ಕೋಲು ತಿರುಗಿಸುತ್ತಲೇ ಇದ್ದರು.

ಗಾಯಕ್ಕೆ ಏನೇನೋ ಸೊಪ್ಪಿನ ರಸ ಕಟ್ಟಿದೆವು. ಬೆರಳು ಕಪ್ಪಾದ ಮೇಲೆ ಡಾಕ್ಟರ ಬಳಿ ಕರೆದೊಯ್ದೆ. ಅವರು ಕಾಲು ನೋಡಿ, ಮತ್ತೆ ಕೊಳವೆ ಕಾಯಿಸಿ, ಈಕೆ ಈಗ ಏನು ತಿನ್ನುತ್ತಾಳೆ ಎಂದು ಕೇಳಿದರು. ನಾನು ತಡವರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಅವತ್ತು ಹೇಳಿದ್ದನ್ನು ನೀನು ಮನೆಯಲ್ಲಿ ಹೇಳಿದೆಯೋ ಇಲ್ಲವೋ ಎಂದು ತಮಿಳಿನಲ್ಲಿ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಮಾತಾಡಿದರು. ತಮಿಳಿನಲ್ಲಿ. ಚೆನ್ನಾಗಿ ರೂಢಿಯಿದ್ದ ತಮಿಳು. ಹುಡುಗ ಎಲ್ಲವನ್ನೂ ಹೇಳಿದ್ದ, ನಾನೇ ಕೇಳಲಿಲ್ಲ, ಅವನನ್ನು ಬಯ್ಯಬೇಡಿ ಎಂದರು. ಡಾಕ್ಟರು ಇಬ್ಬರ ಮುಖವನ್ನೂ ನೋಡಿ, ದೊಡ್ಡಾಸ್ಪತ್ರೆಗೆ ಚೀಟಿ ಬರೆದರು.

ಆಸ್ಪತ್ರೆಗೆ ಹೋಗುವ ಜಟಕಾದಲ್ಲಿ ಬಹಳ ದೂರ ನಾನು ಅವರ ಕಡೆ ನೋಡಲಿಲ್ಲ. ಕೊನೆಗೆ, ನಿನಗೆ ತಮಿಳು ಯಾವಾಗ ಬಂತು ಎಂದು ಕೇಳಿದೆ. ಮದುವೆಗೆ ಮುಂಚೆ ತಾಯಿಯ ಜೊತೆ ದಂಡಿನ ಮನೆಗಳಿಗೆ ಸೊಪ್ಪು ಮಾರಲು ಹೋಗುತ್ತಿದ್ದರಂತೆ. ಕಂಟೋನ್ಮೆಂಟನ್ನು ನಮ್ಮವರು ದಂಡು ಎನ್ನುತ್ತಿದ್ದರು. ಅಲ್ಲಿ ಚೌಕಾಸಿ ಎಲ್ಲ ತಮಿಳಿನಲ್ಲೇ.

"ಅಂಗಾದ್ರೆ ಅವತ್ತೇ ಎಲ್ಲಾ ತಿಳೀತಾ ನಿಂಗೆ?"

"ತಿಳೀತು ಕಣಪ್ಪ."

"ಮತ್ತೆ ಯಾಕತ್ಗೆ ಬಾಯ್ ಬಿಡ್ಲಿಲ್ಲ?"

ಅವರು ಬಟ್ಟೆ ಸುತ್ತಿದ ಕಾಲನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. ಗಾಡಿ ಕುಲುಕಿದಾಗ ಅದನ್ನು ಮೇಲೆತ್ತಿಕೊಂಡು ಹೇಳಿದರು:

"ನನ್ ಒಟ್ಟೆಗೆ ನಾನೇ ಎಂಗೆ ಕೇಳ್ಲಿ, ಮಾವನ್ ಮುಂದೆ? ನೀನು ಓದ್ದೋನು. ನೀನ್ ಏಳಿದ್ರೆ ಡಾಕ್ಟ್ರ ಮಾತು ಅಂತ ಆಗೋದು. ಇವತ್ತು ಏಳ್ತಾನೆ, ನಾಳೆ ಏಳ್ತಾನೆ ಅಂತ ಕಾದೆ. ಆಮೇಲೆ ಬಿಟ್ಬುಟ್ಟೆ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಅಷ್ಟು ಕುಗ್ಗುತ್ತಿರಲಿಲ್ಲವೇನೋ. ಅವರು ಕಾದದ್ದು ಆ ಒಂದು ಸಂಜೆ ಮಾತ್ರವಲ್ಲ. ನನ್ನ ತಟ್ಟೆಗೆ ಪಲ್ಯ ಬಡಿಸುವಾಗಲೆಲ್ಲ ಕಾದಿದ್ದಾರೆ. ಮದುವೆ ಮನೆಯಲ್ಲಿ ಲಾಡು ಕಿತ್ತುಕೊಂಡವನ ಮುಂದೆ ನಗುತ್ತ ನಿಂತಾಗಲೂ ಅವರಿಗೆ ಗೊತ್ತಿತ್ತು.

ಎರಡು ಬೆರಳು ತೆಗೆದರು. ಅವರು ಮನೆಗೆ ಬಂದ ದಿನ ನಾನು ಊಟಕ್ಕೆ ಕೂರಲಿಲ್ಲ. ನಿಂತುಕೊಂಡೇ ಅಪ್ಪನಿಗೂ ಅಣ್ಣನಿಗೂ ಎಲ್ಲ ಹೇಳಿದೆ. ಡಾಕ್ಟರು ಅಂದದ್ದು, ನಾನು ನುಂಗಿದ್ದು, ಅತ್ತಿಗೆ ಮೊದಲಿನಿಂದ ತಿಳಿದೂ ಸುಮ್ಮನಿದ್ದದ್ದು. ಅಣ್ಣ ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ತನ್ನ ತಟ್ಟೆಯನ್ನು ನೋಡುತ್ತ ಕುಳಿತ. ಆಮೇಲೆ ಎದ್ದು ಹೆಂಡತಿಯ ರೆಟ್ಟೆ ಹಿಡಿದು ತನ್ನ ಮಣೆಯ ಮೇಲೆ ಕೂರಿಸಿದ. ಬಡಿಸುವ ಕೆಲಸ ನಾನು ಮಾಡಿದೆ. ಕಿತ್ತಳೆ ಹಣ್ಣಿನಷ್ಟು ಹಿಟ್ಟು, ಎಳೆ ಸೊಪ್ಪು, ಕಾಳು, ಮಜ್ಜಿಗೆ.

ಅತ್ತಿಗೆ ಮುದ್ದೆ ಮುರಿಯಲಿಲ್ಲ. ಇಡೀ ಮನೆ ಅವರ ಸುತ್ತ ನಿಂತಿತ್ತು.

"ಇಂಗೆ ಎಲ್ರೂ ನೋಡ್ತಾ ನಿಂತ್ರೆ ನಾನು ಎಂಗೆ ಉಣ್ಲಿ?" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಅಪ್ಪ ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತರು. ಹಸಿದ ಹೊಟ್ಟೆಯಲ್ಲಿ ಅವರು ಜಗಲಿಗೆ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು. ಅಣ್ಣನೂ ಮಕ್ಕಳೂ ಅವರ ಹಿಂದೆ ಹೋದರು. ಅತ್ತಿಗೆ ನಿಧಾನವಾಗಿ ಉಂಡರು. ಸೊಪ್ಪಿನಲ್ಲಿ ಅರ್ಧವನ್ನು ಮಾತ್ರ ಮುಟ್ಟದೆ ತಟ್ಟೆಯ ಅಂಚಿಗೆ ಸರಿಸಿ, ಇದು ನಿಂಗಿರ್ಲಿ, ನಿಂಗಿಷ್ಟ ಅಲ್ವಾ ಎಂದರು.

ನಾನು ಬೇಡವೆಂದೆ. ಅವರು ಮತ್ತೆ ಸರಿಸಿದರು. ಅವರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಆ ಸೊಪ್ಪನ್ನು ಅವರು ಕೊನೆಯವರೆಗೂ ತಿಂದು ಮುಗಿಸುವ ತನಕ ನಾನು ಏಳಲಿಲ್ಲ.