ಮೂರನೆಯ ಪದಕ

ಕಡಲ ದಂಡೆಯ ಕೇಣಿ ಊರಿನಲ್ಲಿ ನಮ್ಮ ನೆರೆಯಲ್ಲಿದ್ದ ನಿವೃತ್ತ ಹವಾಲ್ದಾರರು ಸ್ವಾತಂತ್ರ್ಯ ದಿನಕ್ಕೆ ಎರಡು ಪದಕ ಧರಿಸಿ ಬರುತ್ತಿದ್ದರು. ಮೂರನೆಯದು ಪೆಟ್ಟಿಗೆಯಲ್ಲೇ ಇರುತ್ತಿತ್ತು. ಸೇವಾ ದಾಖಲೆಯಲ್ಲಿ ಅದನ್ನು ಬರೆಯುವುದೇ ಬಿಟ್ಟುಹೋಗಿತ್ತು.

"ದಾಖಲೆಲಿ ಇಲ್ದೇ ಹಾಕೂಕಾಗ. ರೂಲು ಅಂದ್ರೆ ರೂಲು, ತಂಗೀ," ಎಂದು ಜೇಬು ತಟ್ಟಿಕೊಳ್ಳುತ್ತಿದ್ದರು.

"ಗುಂಡು ಹೊಡೂವಾಗ್ಲೂ ಬುಕ್ಕು ನೋಡೇ ಹೊಡದ್ರಾ?" ಎಂದು ಹೆಂಡತಿ ಛೇಡಿಸುತ್ತಿದ್ದರು. ಗಂಡ ಎಷ್ಟು ಬೈದರೂ, ಪ್ರತಿ ಶ್ರಾವಣದ ನೂಲ ಹುಣ್ಣಿಮೆಯ ದೋಣಿಪೂಜೆಯಲ್ಲಿ ಆ ಪದಕವನ್ನು ತೆಂಗಿನಕಾಯಿಯ ಪಕ್ಕ ಇಟ್ಟು ಕುಂಕುಮ ಹಚ್ಚುತ್ತಿದ್ದರು.

ಕೊನೆಗೆ ತಿದ್ದುಪಡಿಯ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಪದಕದ ಅಂಚಿನಲ್ಲಿ ಕೊರೆದ ಸೈನಿಕ ಸಂಖ್ಯೆಯ ಫೋಟೊ ಬೇಕೆಂದು ಸೇನೆಯ ದಾಖಲೆ ಕಚೇರಿಯಿಂದ ಉತ್ತರ ಬಂತು. ಅಂಕಿಗಳು ಸವೆದಿವೆಯೆಂದು ಹವಾಲ್ದಾರರು ಹೆದರಿದ್ದರು. ಮೊಬೈಲು ಹಿಡಿದು ನೋಡಿದರೆ, ಕೊರೆದ ಗೆರೆಗಳಲ್ಲಿ ಹಲವು ವರ್ಷಗಳ ಕುಂಕುಮ ಕೂತು ಒಂದೊಂದು ಅಂಕಿಯೂ ಕೆಂಪಗೆ ಎದ್ದು ಕಾಣುತ್ತಿತ್ತು.

"ಈಗ ಎಂತ ಹೇಳ್ತ್ರಿ?" ಎಂದರು ಹೆಂಡತಿ. ಹವಾಲ್ದಾರರು ಕೆಮ್ಮಿದರು.

ತಿದ್ದಿದ ದಾಖಲೆ ಬಂದ ದಿನ ಅವರು ಆಗಸ್ಟಿನವರೆಗೆ ಕಾಯಲಿಲ್ಲ. ಪದಕ ಸಿಕ್ಕಿಸಿಕೊಂಡು, ಚೀಲ ಹಿಡಿದು, ಅಂಕೋಲೆಯ ಮೀನುಪೇಟೆಗೆ ಹೊರಟರು. ಹೆಂಡತಿ ಗೇಟಿನಲ್ಲೇ ತಡೆದರು.

"ಉಲ್ಟಾ ಸಿಕ್ಸೀರಿ, ನಿಲ್ಲಿ."

ಅವರು ಹಿಮ್ಮಡಿ ಜೋಡಿಸಿ, ಎದೆಯೆತ್ತಿ, ಅಲುಗಾಡದೆ ನಿಂತರು.