ಉಕ್ರೇನಿನ ವ್ಯಾಪಾರಿ, ನಮ್ಮ ಟ್ಯಾಂಕರ್ ಭಾವು

ಯುಗಾದಿಯ ವಾರ ನಾನೊಂದು ಕಳ್ಳತನ ಮಾಡಿದೆ. ಉಕ್ರೇನಿನ ಒಬ್ಬ ವ್ಯಾಪಾರಿಯ ಜೀವನಚರಿತ್ರೆಯನ್ನು ಕದ್ದು ನಾಗಪುರದ ಒಬ್ಬ ಟ್ಯಾಂಕರ್ ಮಾಲೀಕನಿಗೆ ತೊಡಿಸಿಬಿಟ್ಟೆ. ಭಯದಲ್ಲಿ ಮಾಡಿದ ಕೆಲಸ. (ಭಯವಿಲ್ಲದೆ ನೀವು ಮಾಡಿದ ಕೆಲಸ ಯಾವುದು ಎಂದು ನನ್ನ ಹೆಂಡತಿ ಕೇಳುತ್ತಾಳೆ.) ಆದರೆ ಅಳತೆ ಒಂದಿಂಚೂ ಹೆಚ್ಚುಕಡಿಮೆಯಾಗಲಿಲ್ಲ.

ಮೊದಲು ಟ್ಯಾಂಕರ್ ಮಾಲೀಕನ ಪರಿಚಯ. ಮನೀಶ್ ನಗರದ ನಮ್ಮ ಗಲ್ಲಿಯಲ್ಲಿ ಎಲ್ಲರಿಗೂ ಆತ ‘ಭಾವು’, ಅಂದರೆ ಅಣ್ಣ. ನಮ್ಮ ಗಲ್ಲಿಗೆ ನೀರಿನ ಪೈಪು ಇಲ್ಲವೇ? ಇದೆ. ಹೋಳಿ ಮುಗಿದು ಬಿಸಿಲು ಏರುತ್ತಿದ್ದಂತೆ ಅದು ಎಲ್ಲೋ ಒಡೆಯುತ್ತದೆ. ರಿಪೇರಿ ಶುರುವಾಗುತ್ತದೆ. ಮಳೆ ಬಂದ ಮೇಲೆ ಮುಗಿಯುತ್ತದೆ. ನಡುವಿನ ತಿಂಗಳುಗಳಲ್ಲಿ ನಮ್ಮ ಹದಿನಾರು ಫ್ಲ್ಯಾಟುಗಳನ್ನು ಬದುಕಿಸುವುದು ಭಾವುನ ಟ್ಯಾಂಕರುಗಳು. ಈ ಸಲ ಆತ ವಾರ್ಡಿನ ಚುನಾವಣೆಗೆ ನಿಲ್ಲುವುದೆಂದು ನಿರ್ಧಾರವಾಗಿತ್ತು. ಗೋಡೆಗೋಡೆಯಲ್ಲೂ ಕೈಮುಗಿದ ಫೋಟೊ.

ನಮ್ಮ ಕನ್ನಡ ಸಂಘದ ಯುಗಾದಿ ಕೂಟಕ್ಕೆ ಆತನೇ ಮುಖ್ಯ ಅತಿಥಿ. ಯಾಕೆ? ಪೆಂಡಾಲಿಗೆ ನೀರು ಕೊಟ್ಟವನು ಆತ. ನಮ್ಮ ಸಂಘದಲ್ಲಿ ಒಂದು ಪದ್ಧತಿಯಿದೆ. ಯಾರೇ ಅತಿಥಿ ಬರಲಿ, ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೈಗೆ ಗಾಜಿನ ಚೌಕಟ್ಟಿನ ಸನ್ಮಾನ ಪತ್ರ. ಪತ್ರ ಬರೆಯುವುದು ಅಂಕಣಕಾರನಾದ ನಾನು, ಅದೂ ಅಪ್ಪಟ ಕನ್ನಡದಲ್ಲಿ. ಅತಿಥಿಗೆ ಕನ್ನಡ ಬರುವುದಿಲ್ಲ. ನಮ್ಮ ಮಕ್ಕಳಿಗೆ ಓದಲು ಬರುವುದಿಲ್ಲ. ಹೀಗಾಗಿ ಕಳೆದ ಆರೇಳು ವರ್ಷಗಳಿಂದ ನಾನು ಒಂದೇ ಪತ್ರವನ್ನು ಹೆಸರು ಬದಲಿಸಿ ಕೊಡುತ್ತಿದ್ದೆ. ಕಣ್ಣಿನ ಡಾಕ್ಟರನ್ನೂ ರೈಲ್ವೆಯ ಸಾಹೇಬರನ್ನೂ ‘ಕಲಾಸರಸ್ವತಿಯ ವರಪುತ್ರ’ ಎಂದು ಕರೆದಿದ್ದೇನೆ. ಯಾರೂ ಬೇಸರಿಸಿಕೊಂಡಿಲ್ಲ.

ಈ ಸಲ ಕಾರ್ಯದರ್ಶಿ ಕುಲಕರ್ಣಿಯವರು (ಮದ್ದುಗುಂಡು ಮಾಡುವ ಆರ್ಡ್‌ನನ್ಸ್ ಫ್ಯಾಕ್ಟರಿಯಿಂದ ನಿವೃತ್ತರು, ಈಗಲೂ ಮಾತಿಗೆ ಮದ್ದಿನ ವಾಸನೆ) ಫೋನ್ ಮಾಡಿ, ಹಳೆಯದು ನಡೆಯುವುದಿಲ್ಲ, ಭಾವು ನಡೆದುಬಂದ ದಾರಿಯೇ ಬೇಕು, ಹುಟ್ಟಿನಿಂದ ಇಲ್ಲಿಯವರೆಗೆ ಬರೆಯಬೇಕು ಎಂದರು. ಕೂಟ ಮರುದಿನ. ನನಗೆ ಆತನ ಬಗ್ಗೆ ಗೊತ್ತಿದ್ದದ್ದು ಟ್ಯಾಂಕರಿನ ಹಿಂದೆ ಬರೆದ ಮೊಬೈಲ್ ನಂಬರ್ ಮಾತ್ರ.

ಸುಳ್ಳು ಹೊಗಳಿದರೆ ಮನಸ್ಸಾಕ್ಷಿ ಚುಚ್ಚುತ್ತದೆ. ನಿಜ ಬರೆದರೆ ಟ್ಯಾಂಕರ್ ನಿಲ್ಲುತ್ತದೆ. ಮಧ್ಯವಯಸ್ಸಿನಲ್ಲಿ ಇವೆರಡರಲ್ಲಿ ಯಾವುದು ಹೆಚ್ಚು ನೋಯುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಆಗ ನೆನಪಾದವನು ಮೂರನೇ ಮಹಡಿಯ ಡಾಕ್ಟರ್ ಗಿರೀಶ. ಧಾರವಾಡದ ಹುಡುಗ, ಎಂಬಿಬಿಎಸ್ ಓದಿದ್ದು ಉಕ್ರೇನಿನಲ್ಲಿ. ಟ್ಯಾಂಕರಿಗಾಗಿ ಕಾಯುತ್ತ ಗೇಟಿನ ಬಳಿ ನಿಂತಾಗಲೆಲ್ಲ ಅಲ್ಲಿನ ತನ್ನ ಮನೆಮಾಲೀಕನ ಕಥೆ ಹೇಳುತ್ತಿದ್ದ. ಆ ಆಸಾಮಿ ಶುರುಮಾಡಿದ್ದು ಬಸ್ ನಿಲ್ದಾಣದ ಗೂಡಂಗಡಿಯಲ್ಲಿ, ಬ್ರೆಡ್ ಮಾರುತ್ತ. ಆಮೇಲೆ ಎರಡು ಲಾರಿ. ಆಮೇಲೆ ರೂಮ್ ಹೀಟರುಗಳ ವ್ಯಾಪಾರ. ಆ ಊರಿನಲ್ಲಿ ಮನೆಗಳನ್ನು ಬೆಚ್ಚಗಿಡಲು ಒಂದೇ ದೊಡ್ಡ ಬಾಯ್ಲರಿನಿಂದ ಬೀದಿಬೀದಿಗೆ ಬಿಸಿನೀರಿನ ಪೈಪು. ಹಿಮ ಬೀಳುವ ಹೊತ್ತಿಗೆ ಸರಿಯಾಗಿ ಪೈಪು ಒಡೆಯುತ್ತಿತ್ತಂತೆ. ಜನ ಹೀಟರ್ ಕೊಳ್ಳುತ್ತಿದ್ದರಂತೆ. ಆತ ಬೆಳೆದ. ಪ್ರಾಂತದ ಕೌನ್ಸಿಲಿಗೆ ಗೆದ್ದು ಬಂದ. ಅಲ್ಲಿ ಸೇರಿದ್ದು ಯಾವ ಸಮಿತಿ? ಪೈಪುಗಳ ಸಮಿತಿ.

ಅಂದು ಕೂತು ಇದನ್ನೇ ಬರೆದೆ. ಹಿಮ ತೆಗೆದು ಬಿಸಿಲು ಹಾಕಿದೆ. ಹೀಟರ್ ಇದ್ದಲ್ಲಿ ಟ್ಯಾಂಕರ್. ಬ್ರೆಡ್ ಇದ್ದಲ್ಲಿ ಪಾವ್. ಬಸ್ ನಿಲ್ದಾಣ ಇದ್ದಂತೆಯೇ ಇರಲಿ ಎಂದು ಬಿಟ್ಟೆ. ‘ಪೈಪು ಒಡೆದಾಗಲೆಲ್ಲ ಮನೆಬಾಗಿಲಿಗೆ ಬಂದು ನಿಂತ ಆಪದ್ಬಾಂಧವ, ಜನರ ದಾಹವನ್ನೇ ತಮ್ಮ ಉದ್ಯಮವಾಗಿಸಿಕೊಂಡ ಕರ್ಮಯೋಗಿ’ ಎಂದು ಮುಗಿಸಿದೆ. ಸುಳ್ಳು ಹೇಳಲಿಲ್ಲ ನೋಡಿ. ಒಬ್ಬನ ನಿಜವನ್ನು ಇನ್ನೊಬ್ಬನ ಹೆಸರಿನಲ್ಲಿ ಹೇಳಿದೆ, ಅಷ್ಟೆ.

ಕೂಟದಲ್ಲಿ ನಾನೇ ಓದಿದೆ. ಕರ್ಮಯೋಗಿ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಎಲ್ಲರ ಮನೆಯಲ್ಲೂ ಖಾಲಿ ಡ್ರಮ್ಮುಗಳಿದ್ದವಲ್ಲ, ಅರ್ಥವಾಗದೇ ಇರುತ್ತದೆಯೇ? ಗಿರೀಶ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದ. ಪೇಟ ತೊಟ್ಟ ಭಾವು ಎದ್ದು ನಿಂತು ಮೂರು ದಿಕ್ಕಿಗೂ ಕೈಮುಗಿದ. ಪಕ್ಕದಲ್ಲಿ ಅವನ ಸೆಕ್ರೆಟರಿ ಚೌಕಟ್ಟಿಗೆ ಮೊಬೈಲ್ ಹಿಡಿದು ಫೋಟೊ ತೆಗೆಯುತ್ತಿದ್ದ. ತೆಗೆದುಕೊಳ್ಳಲಿ ಎಂದುಕೊಂಡೆ.

ಮನೆಗೆ ಬಂದ ಮೇಲೆ ಮಗಳು ತಣ್ಣಗೆ ಹೇಳಿದಳು. ಈಗಿನ ಮೊಬೈಲಿಗೆ ಕನ್ನಡದ ಫೋಟೊ ತೋರಿಸಿದರೆ ಸಾಕು, ಕ್ಷಣದಲ್ಲಿ ಮರಾಠಿ ಮಾಡಿಕೊಡುತ್ತದೆ.

ಮರುದಿನ ಟ್ಯಾಂಕರ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಎತ್ತುವವರಿಲ್ಲ. ಹದಿನಾರು ಫ್ಲ್ಯಾಟುಗಳ ನೀರನ್ನು ನನ್ನ ಒಂದು ವಾಕ್ಯ ಕುಡಿದುಬಿಟ್ಟಿತೇ? ಎರಡನೇ ಮಹಡಿಯಲ್ಲಿ ಬಾಣಂತಿ ಇದ್ದಾಳೆ. ಲಿಫ್ಟಿನಲ್ಲಿ ಯಾರಾದರೂ ನಮಸ್ಕಾರ ಎಂದರೂ ನನಗೆ ಆರೋಪದಂತೆ ಕೇಳತೊಡಗಿತು.

ಹೆಂಡತಿ ಗದಗಿನವಳು. ಸುತ್ತಿಬಳಸುವ ಅಭ್ಯಾಸವಿಲ್ಲ. “ನೀರಿನ ಟಾಕಿ ತಳಾ ಕಾಣಾಕತ್ತೈತಿ. ಕರ್ಮಯೋಗಿ ಅಂತ ಬರದವರು ನೀವು. ಹೋಗಿ ಕಾಲ್ ಹಿಡೀರಿ,” ಎಂದಳು.

ಹೋದೆ. ದಾರಿಯುದ್ದಕ್ಕೂ ಕ್ಷಮಾಪಣೆಯನ್ನು ಹಿಂದಿಯಲ್ಲಿ ಉರುಹೊಡೆದೆ. ಭಾವುನ ಆಫೀಸಿನ ಗೋಡೆಯ ಮೇಲೆ ನನ್ನ ಪತ್ರ ಚೌಕಟ್ಟಿನ ಸಮೇತ ತೂಗುತ್ತಿತ್ತು. ಆತ ಸೆಕ್ರೆಟರಿಯನ್ನು ಹೊರಗೆ ಕಳಿಸಿದ. ಬಾಗಿಲು ಹಾಕಿದ. ಗಂಟಲು ಒಣಗುವುದು ಎಂದರೇನೆಂದು ನನಗೆ ಆಗ ತಿಳಿಯಿತು, ಅದೂ ನೀರಿನ ವ್ಯಾಪಾರಿಯ ಆಫೀಸಿನಲ್ಲಿ.

“ಸಾಹೇಬ್, ಪಾವಿನ ವಿಷಯ ನಿಮಗೆ ಯಾರು ಹೇಳಿದರು?” ಎಂದ.

ಆತ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಹದಿನೆಂಟರ ವಯಸ್ಸಿನಲ್ಲಿ ತಾನು ಕನ್ಹಾನ್ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಹಿಡಿದು ಪಾವ್ ಮಾರಿದ್ದು ನಿಜ, ಹೆಂಡತಿಗೂ ಹೇಳಿಲ್ಲ, ಎದುರಾಳಿಗೆ ತಿಳಿದರೆ ಪಾವ್‌ವಾಲಾ ಎಂದು ಆಡಿಕೊಳ್ಳುತ್ತಾನೆ, ಅದೊಂದು ಸಾಲು ತೆಗೆದುಬಿಡಿ ಎಂದ. ಕಣ್ಣು ಒದ್ದೆಯಾಗಿತ್ತು. ನನಗೂ ಒಂದು ಗಳಿಗೆ ಪಾಪ ಅನ್ನಿಸಿತು. ಇಡೀ ಪತ್ರದಲ್ಲಿ ಹೆಮ್ಮೆಪಡಬಹುದಾದ ಸಾಲು ಅದೊಂದೇ ಇತ್ತು.

ಉಳಿದದ್ದು? ಉಳಿದದ್ದು ಬರೋಬರ್ ಇದೆಯಂತೆ. ಅದರಲ್ಲೂ ಪೈಪಿನ ಸಾಲು ಬಹಳ ಹಿಡಿಸಿ, ಆಗಲೇ ಬ್ಯಾನರಿಗೆ ಹೋಗಿತ್ತು. ಮೇಜಿನ ಮೇಲೆ ಹರಡಿ ತೋರಿಸಿದ. ಗೇಣುದ್ದದ ಅಕ್ಷರಗಳಲ್ಲಿ ‘ಪೈಪ್ ಫೂಟೇಗಾ, ಭಾವು ಆಯೇಗಾ.’ ಪೈಪು ಒಡೆಯುತ್ತದೆ, ಅಣ್ಣ ಬರುತ್ತಾನೆ. ನಾನು ವ್ಯಂಗ್ಯವೆಂದು ಬರೆದದ್ದು ಅಲ್ಲಿ ಭರವಸೆಯಾಗಿ ಮಲಗಿತ್ತು. ಹೊಡೆದ ಕಲ್ಲನ್ನೇ ಹಾರಕ್ಕೆ ಪೋಣಿಸಿಕೊಳ್ಳುವವನನ್ನು ಲೇಖಕ ಏನು ಮಾಡಬಹುದು, ನೀವೇ ಹೇಳಿ.

ಎರಡು ದಿನ ಟ್ಯಾಂಕರ್ ಬಾರದ್ದೇಕೆ ಎಂದು ಮೆಲ್ಲಗೆ ಕೇಳಿದೆ. ಎಲ್ಲವೂ ಪ್ರಚಾರ ಸಭೆಯ ಮೈದಾನಕ್ಕೆ ಹೋಗಿದ್ದವಂತೆ, ಧೂಳು ಏಳದಂತೆ ನೀರು ಹೊಡೆಯಲು.

ಬಂದದ್ದು ಬಂದಾಯಿತು ಎಂದು ಧೈರ್ಯ ಮಾಡಿ, ಗೆದ್ದ ಮೇಲೆ ನಮ್ಮ ಗಲ್ಲಿಯ ಪೈಪನ್ನು ಕಾಯಂ ರಿಪೇರಿ ಮಾಡಿಸುತ್ತೀರಲ್ಲ ಎಂದೆ. ಭಾವು ನಿಜವಾಗಿಯೂ ಗೊಂದಲಗೊಂಡ. “ಪೈಪು ಒಡೆಯದಿದ್ದರೆ ನಾನು ಬರುವುದು ಹೇಗೆ, ಸಾಹೇಬ್?”

ನಾನು ಮನೆ ಮುಟ್ಟುವ ಮೊದಲೇ ಟ್ಯಾಂಕರ್ ಮುಟ್ಟಿತ್ತು. ಪುಕ್ಕಟೆ. ಬಾಣಂತಿಯ ಅತ್ತೆ ನನ್ನ ಕೈಗೆ ಶೇಂಗಾ ಉಂಡೆ ಇಟ್ಟು, ಬರೆಯುವವರಿದ್ದರೆ ಬಿಲ್ಡಿಂಗಿಗೆ ಎಷ್ಟು ಅನುಕೂಲ ಎಂದರು. ಇಪ್ಪತ್ತು ವರ್ಷ ಅಂಕಣ ಬರೆದು ಸಿಕ್ಕ ಮೊದಲ ಸಾರ್ವಜನಿಕ ಮನ್ನಣೆ. ಉಂಡೆ ಚೆನ್ನಾಗಿತ್ತು.

ಸಂಜೆ ಗಿರೀಶ ಬಂದ. ನಕ್ಕು ನಕ್ಕು ಸುಸ್ತಾಗಿ, ಕಥೆಯ ಕೊನೆಯನ್ನು ನೀವು ಬಿಟ್ಟಿರಿ ಕಾಕಾ ಎಂದ. ಹಳೆಯ ಗೆಳೆಯರು ಅವನಿಗೆ ತಿಳಿಸಿದ್ದರಂತೆ. ಯುದ್ಧ ಶುರುವಾಗಿ ಊರಿನ ಬಾಯ್ಲರಿಗೇ ಬಾಂಬು ಬಿದ್ದಾಗ, ಆ ಮನೆಮಾಲೀಕ ಗೋಡೌನಿನ ಬಾಗಿಲು ತೆರೆದು ಇದ್ದಬದ್ದ ಹೀಟರುಗಳನ್ನೆಲ್ಲ ಸುಮ್ಮನೆ ಹಂಚಿಬಿಟ್ಟ. ಕರೆಂಟು ಹೋದಾಗ ಜನರೇಟರ್ ಹೊತ್ತು ಮೆಟ್ಟಿಲು ಹತ್ತಿದ. ಪೈಪು ಒಡೆದಾಗ ಬೆಸುಗೆ ಹಾಕುವವರ ಜೊತೆ ತಾನೇ ಹಿಮದಲ್ಲಿ ನಿಂತ.

“ಮನಷ್ಯಾ ಬದಲಾಗ್ತಾನ್ರಿ ಕಾಕಾ,” ಎಂದ ಗಿರೀಶ.

ಡ್ರಮ್ಮಿನ ಮುಚ್ಚಳ ಹಾಕುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ. “ಹಂಗಾದ್ರ ನಮ್ಮ ನಳಕ್ಕ ನೀರ ಬರಾಕ ಯುದ್ಧನ ಆಗಬೇಕೇನಪಾ?”

ಮತದಾನದ ದಿನ ಬೆಳಿಗ್ಗೆ ನಮ್ಮ ಟಾಕಿ ತುಂಬಿ ತುಳುಕುತ್ತಿತ್ತು. ನಾನು ಯಾವ ಗುಂಡಿ ಒತ್ತಿದೆ ಎಂದು ಮಾತ್ರ ಕೇಳಬೇಡಿ.