ಕೆಂಪು ಹಣೆಯ ನಾಯಿಗಳು

ನಾವು ಚುಚ್ಚುಮದ್ದು ಹಾಕಿದ್ದು ನಲವತ್ತೊಂದು ನಾಯಿಗಳಿಗೆ. ಮೂರನೆಯ ದಿನ ಊರಿನಲ್ಲಿ ಕೆಂಪು ಹಣೆಯ ನಾಯಿಗಳು ಅರವತ್ತಾರು ಇದ್ದವು.

ತಪ್ಪಿರಬೇಕೆಂದು ಮತ್ತೊಮ್ಮೆ ಎಣಿಸಿದೆ. ಬಸ್‌ಸ್ಟ್ಯಾಂಡಿನಿಂದ ಕೆರೆ ಏರಿಯವರೆಗೆ ಬೀದಿ ಬೀದಿ ನಡೆದು, ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಗೀಟು ಹಾಕುತ್ತ. ಅರವತ್ತಾರೇ. ಮಧ್ಯಾಹ್ನದ ಬಿಸಿಲಿಗೆ ಬಂಡಿಗಳ ಕೆಳಗೆ, ಕಟ್ಟೆಗಳ ನೆರಳಿನಲ್ಲಿ ಮಲಗಿದ್ದ ನಾಯಿಗಳು ನನ್ನ ಹೆಜ್ಜೆ ಕೇಳಿ ತಲೆ ಎತ್ತುತ್ತಿದ್ದವು. ಎತ್ತಿದ ತಲೆಯ ಮೇಲೆಲ್ಲ ಕೆಂಪು. ಬೊಗಳುತ್ತಿರಲಿಲ್ಲ. ನೋಡಿ, ಮತ್ತೆ ತಲೆ ಇಳಿಸುತ್ತಿದ್ದವು.

ಉಳಿದ ಇಪ್ಪತ್ತೈದು ನಾಯಿಗಳಿಗೆ ಬಣ್ಣ ಎಲ್ಲಿಂದ ಬಂತು?

(ಊರಿನ ಹೆಸರು ಬರೆಯುವುದಿಲ್ಲ. ಹಡಗಲಿಗೂ ಹಗರಿಬೊಮ್ಮನಹಳ್ಳಿಗೂ ನಡುವೆ ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಹೇಗೂ ಗೊತ್ತಾಗುತ್ತದೆ. ಊರಿನವರಿಗಂತೂ ಗೊತ್ತಿದ್ದೇ ಇದೆ.)

ನಾನು ಇಲ್ಲಿಯ ಜೂನಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಆ ಒಂದು ಕಾರಣಕ್ಕೆ ದನದ ಡಾಕ್ಟರು ನನ್ನನ್ನು ಕರೆದರು. ಹರಪನಹಳ್ಳಿ ಕಡೆಯವರು, ಮಾತು ಕಡಿಮೆ. ಬೀದಿನಾಯಿಗಳಿಗೆ ರೇಬೀಸ್ ಲಸಿಕೆ ಹಾಕಬೇಕು, ಬರೆದುಕೊಳ್ಳಲು ಒಬ್ಬರು ಬೇಕು ಎಂದರು.

"ಅಷ್ಟು ನಾಯಿಗೆ ಯಾಕೆ ಸರ್? ಕಚ್ಚುವ ನಾಯಿ ಒಂದೋ ಎರಡೋ ಇರುತ್ತದೆ" ಎಂದು ಕೇಳಿದೆ.

"ನಾಯಿ ಸಾಯಿಸಿದ್ರೆ ಬೀದಿ ಖಾಲಿ ಆಗ್ತದೆ, ಅಷ್ಟೇ ಮೇಡಂ. ಖಾಲಿ ಬೀದಿಗೆ ಹೊರಗಿನ ನಾಯಿ ಬರ್ತದೆ. ಅದರ ಹೊಟ್ಟೆಯಾಗೆ ಏನೈತೆ ಅಂತ ನಮಗೆ ಗೊತ್ತಿರಲ್ಲ. ಇರೋ ನಾಯಿಗೇ ಸೂಜಿ ಹಾಕಿ ಇಟ್ಕೊಂಡ್ರೆ ಅದೇ ಬೀದಿ ಕಾಯ್ತದೆ."

ಅವರ ಮಾತಿಗೆ ಊರಿನಲ್ಲೇ ಸಾಕ್ಷಿಯಿತ್ತು. ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ಜನ ಎದ್ದಾಗ ಊರು ವಿಚಿತ್ರವಾಗಿ ಮೌನವಾಗಿತ್ತಂತೆ. ಹಾಲಿನವನು ಬಂದರೂ ಬೊಗಳಿಲ್ಲ, ಬಸ್ಸು ಬಂದರೂ ಬೊಗಳಿಲ್ಲ. ಯಾರೋ ಮಾಂಸದ ತುಂಡುಗಳಲ್ಲಿ ವಿಷ ಇಟ್ಟಿದ್ದರು. ಯಾರೆಂದು ಇವತ್ತಿಗೂ ಯಾರೂ ಬಾಯಿ ಬಿಡುವುದಿಲ್ಲ. ತಿಂಗಳಾದ ಮೇಲೆ ಹೊಲಗಳ ಕಡೆಯಿಂದ ಬೇರೆ ನಾಯಿಗಳು ಬಂದವು. ಯಾರ ದನಿಯ ಗುರುತೂ ಇಲ್ಲದ ನಾಯಿಗಳು. ಆ ವರ್ಷ ನಾಯಿ ಕಡಿದು ಇಬ್ಬರು ನೀರು ಕಂಡರೆ ಕಿರುಚುತ್ತ ತೀರಿಕೊಂಡರು ಎಂದು ನಾನು ಬಾಡಿಗೆಗಿರುವ ಮನೆಯ ಶಾಂತಕ್ಕ ಹೇಳುತ್ತಾರೆ.

ಹಾಗಾಗಿ ಕೆಲಸ ಶುರುವಾಯಿತು. ಐಸು ತುಂಬಿದ ಫ್ಲಾಸ್ಕಿನಲ್ಲಿ ಔಷಧಿ. ಡಾಕ್ಟರು, ಅವರ ಕಾಂಪೌಂಡರು, ನಾನು. ಬೀದಿನಾಯಿಯನ್ನು ಹಿಡಿಯುವುದು ಹೇಗೆ? ಹಿಡಿಯಬೇಕಾಗಿಯೇ ಇರಲಿಲ್ಲ. ಊಟ ಮುಗಿದ ಮೇಲೆ ದಿನವೂ ಒಂದು ತುಂಡು ರೊಟ್ಟಿ ಹಾಕುವ ಹೆಂಗಸು ಪ್ರತಿ ಬೀದಿಯಲ್ಲೂ ಇರುತ್ತಾಳೆ. ಅವಳು ಕರೆದರೆ ನಾಯಿ ಬರುತ್ತದೆ. ಅವಳು ಕುತ್ತಿಗೆ ತಬ್ಬಿ ಹಿಡಿದರೆ ಸೂಜಿಗೂ ನಿಲ್ಲುತ್ತದೆ.

ಹಾಕಿದ ನಾಯಿಗೆ ಗುರುತು ಬೇಕಲ್ಲ? ಸಂತೆಯಲ್ಲಿ ಸಿಗುವ, ಕುರಿಗೆ ಹಚ್ಚುವ ಕೆಂಪು ಬಣ್ಣ ತರೋಣ ಎಂದವಳು ನಾನು. ಸುಲಭವಾಗಿ ಸಿಗುತ್ತದೆ, ಬೇಗ ಹೋಗುವುದಿಲ್ಲ. ಬ್ರಶ್ಶಿನಿಂದ ಒಂದೇ ಗೆರೆ, ಹಣೆಯಿಂದ ಕಿವಿಗಳ ನಡುವೆ ಹಾದು ಕುತ್ತಿಗೆಯ ಕಡೆಗೆ, ಉದ್ದಕ್ಕೆ.

ಆಮೇಲೆ ಒಂದು ಹ್ಯಾಂಡ್‌ಬಿಲ್ ಬರೆದುಕೊಟ್ಟೆ. ಅದರಲ್ಲಿ ಎರಡು ವಾಕ್ಯ ದಪ್ಪ ಅಕ್ಷರದಲ್ಲಿದ್ದವು. 'ಕೆಂಪು ಗುರುತಿನ ನಾಯಿಗೆ ಹೆದರಬೇಡಿ.' 'ಗುರುತಿಲ್ಲದ ನಾಯಿ ಕಂಡರೆ ತಿಳಿಸಿ.'

ಎರಡೂ ನನ್ನವೇ. ಓದಿ ನೋಡಿ, ಏನಾದರೂ ತಪ್ಪು ಕಾಣುತ್ತದೆಯೇ? ನನಗೂ ಕಂಡಿರಲಿಲ್ಲ.

ಎಣಿಕೆ ತಪ್ಪಿದ ದಿನ ಹನುಮವ್ವನ ಮನೆ ಮುಂದೆ ನಿಂತು ಕೇಳಿದೆ. ಕುರಿ ಸಾಕುವ ಹೆಂಗಸು, ನಮ್ಮ ಹಿಂದಿನ ಬೀದಿಯವರು. "ಹನುಮವ್ವ, ಈ ನಾಯಿಗೆ ಬಣ್ಣ ಯಾರು ಹಚ್ಚಿದ್ರು?"

"ನೀವ ಹಚ್ಚೀರಲ್ರಿ ಮೇಡಮ್ಮ!"

"ನಾವು ಬಂದಾಗ ಇದು ಇರಲಿಲ್ಲ."

"ಇತ್ರಿ. ಮಕ್ಕೊಂಡಿತ್ತು. ನಿಮ್ಗ ಕಂಡಿಲ್ಲ."

"ಮಲಗಿದ್ದ ನಾಯಿಗೆ ಸೂಜಿ ಹಾಕಿದೆವಾ?"

"ಅದಕ್ಕ ನೋಡ್ರಿ, ಅದಕ್ಕ ಎಚ್ಚರಾಗಿಲ್ಲ" ಎಂದು ಹನುಮವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅವರ ಹಿಂದೆ ಕಟ್ಟಿದ್ದ ಎರಡು ಕುರಿಗಳ ಬೆನ್ನ ಮೇಲೆ ಅದೇ ಕೆಂಪು ಇನ್ನೂ ಹಸಿಯಾಗಿತ್ತು.

ಬೀದಿ ತುಂಬ ಇದೇ ಉತ್ತರ. ನಾವಲ್ರಿ. ನಮ್ಗ ಗೊತ್ತಿಲ್ರಿ. ನೀವ ಹಚ್ಚೀರಿ. ಗುರುತಿಲ್ಲದ ನಾಯಿಗಳನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು ಎಂದು ನನಗೆ ಗೊತ್ತಾದದ್ದು ಆಮೇಲೆ. ಆ ಸುದ್ದಿ ಹುಟ್ಟಿದ್ದು ನನ್ನ ಎರಡನೆಯ ವಾಕ್ಯದಿಂದ.

ಮನೆಗೆ ಬಂದು ಶಾಂತಕ್ಕನಿಗೆ ಹೇಳಿದೆ. ಅವರು ರೊಟ್ಟಿ ಬಡಿಯುತ್ತ ನಕ್ಕರು.

"ಒಂದಕ್ಕೊಂದು ನೋಡಿ ತಾವ ಹಚ್ಚಿಕೊಂಡಾವ ಬಿಡ್ರಿ. ಹೆಣ್ಮಕ್ಕಳು ಒಬ್ರ ಸೀರಿ ನೋಡಿ ಒಬ್ರು ತಗೊಳ್ಳಂಗಿಲ್ಲೇನು?"

ನಾನೂ ನಕ್ಕೆ. ಶಾಂತಕ್ಕನಿಗೂ ಒಂದು ನಾಯಿಯಿತ್ತು. ಗೋಧಿ ಬಣ್ಣದ್ದು, ಕಣ್ಣಿನ ಮೇಲೆ ನರೆತ ಹುಬ್ಬಿನಂಥ ಎರಡು ಬಿಳಿ ಚುಕ್ಕೆ. ಅದಕ್ಕೇ 'ಮುತ್ಯಾ', ಅಂದರೆ ಅಜ್ಜ, ಎಂದು ಹೆಸರು. ಅದರ ಹಣೆಯೂ ಕೆಂಪಗಿತ್ತು. ನಮ್ಮ ಬೀದಿಯ ಸರದಿ ಬಂದಾಗ ನನಗೆ ಪಾಠವಿತ್ತು, ಕಾಂಪೌಂಡರ್ ಒಬ್ಬರೇ ಮುಗಿಸಿದ್ದರು. ಮುತ್ಯಾನಿಗೆ ಅವರು ಹಾಕಿರಬೇಕು ಎಂದುಕೊಂಡೆ. ಕೇಳಲಿಲ್ಲ.

ಮರುದಿನದಿಂದ ಮುತ್ಯಾ ಕಾಣಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಮೂರರ ಸುಮಾರು. ನಾನು ಕಟ್ಟೆಯ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಏನೋ ನಿಂತುಹೋದ ಹಾಗೆ ಅನಿಸಿತು. ತಲೆ ಎತ್ತಿದೆ. ಬೀದಿಯ ನಾಯಿಗಳು ಒಂದೊಂದಾಗಿ ಎದ್ದು ಬಂಡಿಗಳ ಕೆಳಗೆ, ಚರಂಡಿಯ ಕಲ್ಲಿನಡಿಗೆ ಸರಿಯುತ್ತಿದ್ದವು. ಬಾಲ ಹೊಟ್ಟೆಯ ಕೆಳಗೆ. ಒಂದೂ ಬೊಗಳಲಿಲ್ಲ.

ಬೀದಿಯ ನಟ್ಟನಡುವೆ ಮುತ್ಯಾ ಬರುತ್ತಿತ್ತು. ನೇರವಾಗಿ, ಯಾರೋ ದಾರ ಕಟ್ಟಿ ಎಳೆಯುತ್ತಿದ್ದಾರೆ ಎನ್ನುವ ಹಾಗೆ. ಕೆಳದವಡೆ ಜೋತುಬಿದ್ದಿತ್ತು. ನಾಲಗೆ ಒಳಗೆ ಹೋಗುತ್ತಿರಲಿಲ್ಲ. ಲೈಟ್ ಕಂಬಕ್ಕೆ ಭುಜ ತಾಗಿತು. ಅದಕ್ಕೆ ತಿಳಿಯಲೇ ಇಲ್ಲ, ಹಾಗೇ ಮುಂದೆ ಬಂತು. ಕಣ್ಣು ತೆರೆದಿತ್ತು. ಆದರೆ ಆ ಕಣ್ಣಿನಲ್ಲಿ ಬೀದಿಯೂ ಇರಲಿಲ್ಲ, ನಾನೂ ಇರಲಿಲ್ಲ. ಹಣೆಯ ಮೇಲೆ ಮಾತ್ರ ಅಚ್ಚ ಕೆಂಪು.

ಶಾಂತಕ್ಕ ರೊಟ್ಟಿಯ ತುಂಡು ಹಿಡಿದು ಹೊರಗೆ ಬಂದರು.

"ಎಲ್ಲಿ ಹಾಳಾಗಿ ಹೋಗಿದ್ಯಲೇ ಮುತ್ಯಾ? ನಾಕು ದಿನ ಆತು!"

"ಶಾಂತಕ್ಕ, ಹೋಗಬೇಡಿ. ಅದು ಸರಿಯಿಲ್ಲ."

"ಅಯ್ಯ, ನಮ್ಮ ಮುತ್ಯಾರೀ ಇದು. ನಿಮ್ಮ ಕೆಂಪು ಐತಲ್ಲ ಹಣಿಮ್ಯಾಲ!"

ಗುರುಗುಟ್ಟಲಿಲ್ಲ, ಹಲ್ಲು ಕಿಸಿಯಲಿಲ್ಲ. ಚಾಚಿದ ಕೈಯನ್ನು ಕಚ್ಚಿತು, ಬಿಟ್ಟಿತು, ಬಂದ ಗೆರೆಯಲ್ಲೇ ಮುಂದೆ ನಡೆಯಿತು. ರೊಟ್ಟಿ ನೆಲದ ಮೇಲೆ ಬಿದ್ದಿತ್ತು. ಅದನ್ನು ಮೂಸಿಯೂ ನೋಡಲಿಲ್ಲ.

ನಾನು ಸೋಪು ತರುವಷ್ಟರಲ್ಲಿ ಶಾಂತಕ್ಕ ಗಾಯಕ್ಕೆ ಖಾರದಪುಡಿ ಒತ್ತಿದ್ದರು. ತೊಳೆದೆ. ನಲ್ಲಿಯ ಕೆಳಗೆ ಕೈ ಹಿಡಿಸಿ, ಸೋಪು ಹಚ್ಚಿ, ಮತ್ತೆ ತೊಳೆದೆ. ಆಸ್ಪತ್ರೆಗೆ ಹೊರಡಿ ಎಂದೆ.

"ಹೊಕ್ಕಳ ಸುತ್ತ ಹದಿನಾಕು ಸೂಜಿ ಚುಚ್ಚಿಸಿಕೊಳ್ಳಾಕ? ನಾ ಒಲ್ಲೆ."

"ಶಾಂತಕ್ಕ, ಇದು ತಮಾಷೆಯಲ್ಲ."

ಅವರು ಒಳಗೆ ಹೋಗಿ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದ ಹ್ಯಾಂಡ್‌ಬಿಲ್ ಕಿತ್ತು ತಂದರು. "ಕೆಂಪು ಗುರುತಿನ ನಾಯಿಗೆ ಹೆದರಬ್ಯಾಡ್ರಿ ಅಂತ ಬರದಾಕಿ ನೀವ. ಸುಳ್ಳು ಬರದೀರೇನು?"

ಲಸಿಕೆ ಹಾಕಿದ ನಾಯಿ ಕಚ್ಚಿದರೂ ಆಸ್ಪತ್ರೆಗೆ ಹೋಗಬೇಕು ಎಂದು ಡಾಕ್ಟರು ನನಗೆ ಹೇಳಿದ್ದರು. ಹ್ಯಾಂಡ್‌ಬಿಲ್ಲಿನಲ್ಲಿ ಜಾಗ ಸಾಲದೆಂದು ಆ ಮಾತು ಬಿಟ್ಟಿದ್ದೆ.

ಅವತ್ತು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಡಾಕ್ಟರು ಬಂದು ಹೇಳಿದರೂ ಶಾಂತಕ್ಕ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಇಷ್ಟು ಹಟ ಯಾಕೆ ಎಂದು ನನಗೆ ತಿಳಿಯಲಿಲ್ಲ. ಮಾತು ಮಾತಿಗೆ ನಗುವ ಹೆಂಗಸು, ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದರು.

ಕಚ್ಚಿದ ಮೂರನೆಯ ದಿನ ಬೆಳಗ್ಗೆ ಜಾಲಿ ಗಿಡಗಳ ನಡುವೆ ಮುತ್ಯಾ ಸತ್ತು ಬಿದ್ದಿದೆ ಎಂದು ಡಾಕ್ಟರು ಹೇಳಿಕಳಿಸಿದರು. ಹೋದೆ. ಅವರು ದಪ್ಪ ಕೈಗವಸು ಹಾಕಿಕೊಂಡು ಗೋಣಿಚೀಲ ಬಿಚ್ಚುತ್ತಿದ್ದರು. ನಾಯಿಯ ಮುಖ ನನ್ನ ಕಡೆಗಿತ್ತು.

ಆಗ ಗೆರೆ ನೋಡಿದೆ. ಎಣಿಸುವಾಗ ನಾನು ಬಣ್ಣ ನೋಡಿದ್ದೆ, ಗೆರೆ ನೋಡಿರಲಿಲ್ಲ.

ನಮ್ಮದು ಉದ್ದಕ್ಕೆ ಒಂದೇ ಗೆರೆ. ಇದು ಅಡ್ಡಕ್ಕೆ ಮೂರು. ಬ್ರಶ್ಶಿನದಲ್ಲ, ಬೆರಳಿನವು. ಮೂರು ಬೆರಳು ಕೂಡಿಸಿ ಎಡದಿಂದ ಬಲಕ್ಕೆ ಒಮ್ಮೆಗೇ ಎಳೆದ ಗೆರೆಗಳು, ಬಲತುದಿಯಲ್ಲಿ ಸ್ವಲ್ಪ ಮೇಲಕ್ಕೆ ಏರಿದ್ದವು. ಆ ಏರಿಕೆ ನನಗೆ ಗೊತ್ತು. ಒಂದೂವರೆ ವರ್ಷದಿಂದ ದಿನವೂ ಬೆಳಗ್ಗೆ, ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು ನನಗೆ ಚಹಾ ತಂದುಕೊಡುವವರ ಹಣೆಯ ಮೇಲೆ ನೋಡಿದ್ದೇನೆ. ಸತ್ತ ನಾಯಿಯ ಮುಖದ ಮೇಲೆ ಶಾಂತಕ್ಕನ ಹಣೆಯಿತ್ತು.

ಮನೆಗೆ ಬಂದೆ. ಅವರು ಒಲೆಯ ಮುಂದೆ ಕೂತಿದ್ದರು.

"ಶಾಂತಕ್ಕ, ಮೂರು ಗೆರೆ ಇದ್ದವು."

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅವರು ಅದನ್ನು ತಿರುವಲಿಲ್ಲ.

"ಸೂಜಿ ಹಾಕಿಸಿದ್ರ ನಾಯಿ ಮೂಗಾಗ್ತೈತಿ, ಬೊಗಳಂಗಿಲ್ಲ ಅಂದ್ರು. ಸೂಜಿ ಹಾಕೋರು ಬರೋ ದಿನ ಹಿತ್ತಲಾಗ ಕಟ್ಟಿಹಾಕಿದ್ದೆ. ಆಮ್ಯಾಲ ಗುರುತಿಲ್ಲದವನ್ನ ಗಾಡ್ಯಾಗ ಒಯ್ತಾರ ಅಂದ್ರು. ಹನುಮವ್ವನ ಕಡೆ ಒಂದೀಟು ಬಣ್ಣ ಇಸಗೊಂಡು ಬಂದೆ."

"ಮೊನ್ನೆಯೇ ಹೇಳಬಹುದಿತ್ತಲ್ಲ?"

"ನಿಮ್ಮುಂದ ಹೆಂಗ ಹೇಳ್ಲಿ? ನನ್ನ ಮನ್ಯಾಗ ಇದ್ದು, ಬಿಸಲಾಗ ತಿರುಗಿ ಕೆಲಸ ಮಾಡೀರಿ. ನಿಮ್ಗ ಮೋಸ ಮಾಡಿದಂಗಾತಲ್ರಿ."

ಸೂಜಿಯ ಹೆದರಿಕೆ ಇದ್ದದ್ದು ಕಾಲುಭಾಗ. ಉಳಿದ ಮುಕ್ಕಾಲು ಸಂಕೋಚ. ಆ ಸಂಕೋಚಕ್ಕೆ ಸಾಯಲು ತಯಾರಿದ್ದರು.

ನನ್ನನ್ನು ಹೆಚ್ಚು ಹೆದರಿಸಿದ್ದು ಬೇರೆ. ಆ ಮಧ್ಯಾಹ್ನ ಕೈ ಚಾಚುವಾಗ 'ನಿಮ್ಮ ಕೆಂಪು ಐತಲ್ಲ' ಎಂದವರು ಅವರೇ. ಅದು ನಾಟಕವಾಗಿರಲಿಲ್ಲ. ಐದು ದಿನದಲ್ಲಿ, ತಾವೇ ಹಚ್ಚಿದ ಬಣ್ಣವನ್ನು ತಾವೇ ನಂಬಿದ್ದರು. ಸುಳ್ಳು ಹೇಳಿದವರನ್ನೂ ಬಿಡದೆ ಹಿಡಿಯುವ ಸುಳ್ಳು! ಅವರೊಬ್ಬರೇನು, ಎರಡು ಸಲ ಎಣಿಸಿ, ಇಪ್ಪತ್ತೈದು ಹೆಚ್ಚಿಗಿವೆ ಎಂದು ಖಾತ್ರಿಯಾದ ಮೇಲೂ ಮನೆಯ ನಾಯಿಯ ಹಣೆ ನೋಡಿ ನಾನೂ ಸುಮ್ಮನಿದ್ದೆ. ಎಂ.ಎಸ್ಸಿ. ಓದಿದ ನಾನು.

ಅವತ್ತೇ ಬಸ್ಸು ಹತ್ತಿ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಎರಡು ದಿನ ಏನು ಮಾಡುತ್ತಿದ್ದಿರಿ ಎಂದು ಅಲ್ಲಿಯ ಡಾಕ್ಟರು ಬೈದರು. ಶಾಂತಕ್ಕ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಮುತ್ಯಾನಿಗೆ ನಾವು ಸೂಜಿ ಹಾಕಿದ್ದರೆ ಉಳಿಯುತ್ತಿತ್ತೇ ಎಂದು ದನದ ಡಾಕ್ಟರನ್ನು ಕೇಳಿದೆ. "ಇಲ್ಲ ಅನ್ಸುತ್ತೆ ಮೇಡಂ. ಅದಕ್ಕೆ ಮೊದಲೇ ಯಾವುದೋ ನಾಯಿ ಕಚ್ಚಿರಬೇಕು. ಆದ್ರೆ ಬಣ್ಣ ಇರಲಿಲ್ಲ ಅಂದಿದ್ರೆ ಆಕಿ ಕೈ ಚಾಚ್ತಿರಲಿಲ್ಲ."

ನಿನ್ನೆಗೆ ಹದಿನಾಲ್ಕರಲ್ಲಿ ಒಂಬತ್ತನೆಯ ಸೂಜಿ ಆಯಿತು. ಬೆಳಗ್ಗೆ ಚಹಾ ಕೊಟ್ಟು, ಶಾಂತಕ್ಕ ನನ್ನೆದುರೇ ತಂಬಿಗೆ ಎತ್ತಿ ನೀರು ಕುಡಿಯುತ್ತಾರೆ. ನಾನು ಪುಸ್ತಕ ನೋಡುವವಳ ಹಾಗೆ ಕೂತು ಅವರ ಗಂಟಲು ನೋಡುತ್ತೇನೆ. ಗುಟುಕು ಇಳಿಯಿತೇ? ಇಳಿಯಿತು.

"ನೋಡ್ರಿ ಮೇಡಮ್ಮ, ಕುಡದೆ. ಇನ್ನೂ ಬೊಗಳಿಲ್ಲ" ಎನ್ನುತ್ತಾರೆ.

ಇಬ್ಬರೂ ನಗುತ್ತೇವೆ. ಎಷ್ಟು ವಾರ ಹೀಗೆ ನೋಡಬೇಕೆಂದು ಇಬ್ಬರೂ ಕೇಳಿಕೊಳ್ಳುವುದಿಲ್ಲ.

ಇದನ್ನೆಲ್ಲ ಬರೆಯುವ ಮನಸ್ಸಿರಲಿಲ್ಲ. ಮನೆಯೊಳಗಿನ ಮಾತನ್ನು ಪತ್ರಿಕೆಗೆ ಹಾಕುವುದು ನನಗೆ ಹಿಡಿಸುವುದಿಲ್ಲ. ಹೆಸರನ್ನಾದರೂ ಬದಲಿಸುತ್ತೇನೆ ಎಂದೆ. ಶಾಂತಕ್ಕ ಒಪ್ಪಲಿಲ್ಲ. "ನನ್ನ ಹೆಸರ ಬರೀರಿ. ನಾ ಬಾಯಿ ಬಿಟ್ಟೀನಿ ಅಂತ ಗೊತ್ತಾದ್ರ ಉಳಿದವರೂ ಬಿಡ್ತಾರ."

ಅದಕ್ಕೇ ಬರೆಯುತ್ತಿದ್ದೇನೆ. ಏಕೆಂದರೆ ಉಳಿದ ಇಪ್ಪತ್ನಾಲ್ಕು ನಾಯಿಗಳು ಇನ್ನೂ ನಮ್ಮ ನಡುವೆ ಇವೆ. ಬಂಡಿಗಳ ಕೆಳಗೆ, ಶಾಲೆಯ ಗೇಟಿನ ಮುಂದೆ, ನಿಮ್ಮ ಕಟ್ಟೆಯ ನೆರಳಿನಲ್ಲಿ. ನನ್ನ ನೋಟ್‌ಬುಕ್ಕಿನಿಂದ ಪತ್ತೆಯಾಗುವುದಿಲ್ಲ, ನಮ್ಮೂರಿನ ನಾಯಿಗಳಲ್ಲಿ ಮುಕ್ಕಾಲು ಪಾಲು ಒಂದೇ ಕಂದು. ಎಲ್ಲರೂ ಶಾಂತಕ್ಕನ ಹಾಗೆ ಬೆರಳಿನಿಂದ ಹಚ್ಚಿಲ್ಲ, ಬ್ರಶ್ಶಿನಿಂದ ನಮ್ಮ ಹಾಗೇ ಎಳೆದವರಿದ್ದಾರೆ. ಈಗ ನಿಜವಾದದ್ದೂ ಸುಳ್ಳಾದದ್ದೂ ಮಣ್ಣಿನಲ್ಲಿ ಹೊರಳಿ ಒಂದೇ ಬಗೆಯಾಗಿ ಮಾಸುತ್ತಿದೆ.

ಡಾಕ್ಟರ ಬಳಿ ಉಳಿದಿರುವುದು ಮೂವತ್ತು ಡೋಸು. ಬರುವ ಬುಧವಾರ ಮತ್ತೆ ಬೀದಿಗೆ ಬರುತ್ತೇವೆ. ಸೂಜಿ ಹಾಕಿದರೆ ನಾಯಿ ಮೂಗಾಗುವುದಿಲ್ಲ. ಯಾವ ಗಾಡಿಯೂ ಬರುವುದಿಲ್ಲ. ಯಾರನ್ನೂ ಬೈಯುವುದಿಲ್ಲ. ಹೆಸರೂ ಬರೆದುಕೊಳ್ಳುವುದಿಲ್ಲ. ನೀವು ಬಾಗಿಲಿಗೆ ಬಂದು, ಕುತ್ತಿಗೆ ತಬ್ಬಿ ಹಿಡಿದು, ಒಂದೇ ಒಂದು ಪ್ರಶ್ನೆಗೆ ನಿಜ ಹೇಳಿದರೆ ಸಾಕು.

ಈ ನಾಯಿಗೆ ಬಣ್ಣ ಹಚ್ಚಿದ್ದು ನಾವೋ, ನೀವೋ?